ಬೀದಿ ನಲ್ಲಿಯ ಮುಂದೆ ಮತದಾನ

ವಿಜಯನಗರ, ಬೆಂಗಳೂರು
೧೪-೪-೧೯೮೫, ಭಾನುವಾರ

ಪ್ರೀತಿಯ ಪ್ರಭಾ,

ಮೈಸೂರಿನ ಹಾಸ್ಟೆಲ್ ಊಟ ಒಗ್ಗಿತೆ? ಕೆಮ್ಮು ನಿಂತಿತೆ? ಇಲ್ಲಿ ನಾನು ಕ್ಷೇಮ. ನಿನ್ನ ಅಜ್ಜಿಯ ಮಂಡಿನೋವು ನನಗಿಂತಲೂ ಕ್ಷೇಮ.

ಹಳೆಯ ಸಂಸ್ಥೆಗಳ ಬುನಾದಿಯಿಲ್ಲದೆ ಪ್ರಜಾಪ್ರಭುತ್ವ ಬೇರೂರುತ್ತದೆಯೇ ಎಂದು ನೀನು ಪ್ರಬಂಧ ಬರೆಯಬೇಕಂತೆ. ಅದಕ್ಕೆ ಗ್ರೀಸ್ ದೇಶಕ್ಕೆ ಯಾಕೆ ಹೋಗುತ್ತೀಯಮ್ಮ, ನಮ್ಮ ಬೀದಿ ನಲ್ಲಿಯವರೆಗೆ ಬಾ. ಬಿಂದಿಗೆ ಸಾಲೆಂಬ ಪುರಾತನ ಸಂಸ್ಥೆ ಅಲ್ಲಿದೆ. ಬಿಂದಿಗೆ ಇಟ್ಟುಹೋದರೆ ಮನುಷ್ಯ ನಿಂತಂತೆಯೇ ಲೆಕ್ಕ; ಯಾರೂ ಜರುಗಿಸುವಂತಿಲ್ಲ. ಪಾರ್ಲಿಮೆಂಟಿನಲ್ಲೂ ಇಂಥ ಶಿಸ್ತು ಇರಲಾರದು! ಮೊದಲು ಸ್ವಂತ ಮನೆಯವರು, ಆಮೇಲೆ ಬಾಡಿಗೆಯವರು, ಕೊನೆಗೆ ಹಿಂದಿನ ಶೆಡ್ಡುಗಳವರು. ಅವರ ಸರದಿ ಬರುವಷ್ಟರಲ್ಲಿ ನಲ್ಲಿ ಬರೀ ಗಾಳಿ ಊದುತ್ತಿರುತ್ತದೆ.

ಶೆಡ್ಡಿನ ಚಿಕ್ಕಗಂಗಮ್ಮನ ಸೊಸೆ ಬಾಣಂತಿ. ಸಾಲು ಅದಲುಬದಲು ಮಾಡಿ, ನಮ್ಮನ್ನೂ ಒಮ್ಮೊಮ್ಮೆ ಮುಂದೆ ಬಿಡಿ ಎಂದು ಚಿಕ್ಕಗಂಗಮ್ಮ ಕೇಳಿದಳು. ಬೀದಿಯ ಹಿರಿಯ ಉಗ್ರಪ್ಪ ಬಲು ಉದಾರವಾಗಿ ಮತದಾನ ಘೋಷಿಸಿದ. ಮನೆಗೊಂದು ಬಿಂದಿಗೆ, ಬಿಂದಿಗೆಗೊಂದು ವೋಟು. ಹಳೇ ಸಾಲೇ ಇರಲಿ ಎನ್ನುವವರು ನಲ್ಲಿಯ ಬಲಕ್ಕೆ ಇಡುವುದು, ಬದಲಾಗಲಿ ಎನ್ನುವವರು ಎಡಕ್ಕೆ.

ಇಂದು ಬೆಳಿಗ್ಗೆ ಎಲ್ಲರೂ ಸೇರಿದೆವು. ನೋಡು ನಮ್ಮ ಅಭ್ಯಾಸಬಲ, ವೋಟು ಹಾಕಿದ್ದೂ ನೀರಿನ ಸಾಲಿನ ಸರದಿಯಲ್ಲೇ! ಸ್ವಂತ ಮನೆಯವರದು ಬಲಕ್ಕೆ, ನಮ್ಮದೂ ಸೇರಿ. ಬಾಡಿಗೆಯವರು ಮಾಲೀಕರ ಮುಖ ನೋಡಿ ಬಲಕ್ಕೇ ಇಟ್ಟರು. "ಸಾಕು ಬಿಡ್ರಪ್ಪಾ, ಹಳೇ ಸಾಲೇ ಗೆದ್ದಾಯ್ತು" ಎಂದ ಉಗ್ರಪ್ಪ. ನಾನೂ ಟವೆಲ್ ಕೊಡವಿ ಎದ್ದೆ.

ಚಿಕ್ಕಗಂಗಮ್ಮ ಬಿಂದಿಗೆ ಸೊಂಟದಲ್ಲಿಟ್ಟುಕೊಂಡೇ ನಿಂತಿದ್ದಳು. "ನೀರು ಮುಗಿಯೋದು ಗೊತ್ತು ಸ್ವಾಮಿ. ನಮ್ ಹತ್ರ ಬರೋವಷ್ಟರಲ್ಲಿ ವೋಟೂ ಮುಗ್ದೋಗುತ್ತಾ?"

ನಿನ್ನ ಅಜ್ಜಿ ಕುಂಟುತ್ತಾ ಹೋಗಿ ನಮ್ಮ ಬಿಂದಿಗೆಯನ್ನು ಎತ್ತಿ ಎಡಕ್ಕಿಟ್ಟಳು. "ಇದೇನೇ ಇದು?" ಎಂದೆ. "ಸುಮ್ನಿರಿ, ವೋಟು ಇನ್ನೂ ಮುಗಿದಿಲ್ಲ" ಎಂದಳು. ಆಮೇಲೆ ಬಾಡಿಗೆಯವರ ಬಿಂದಿಗೆಗಳೂ ಒಂದೊಂದಾಗಿ ಎದ್ದವು. ಶೆಡ್ಡಿನವರದೂ ಸೇರಿ ಎಡಗಡೆ ಗೆದ್ದಿತು.

ಹಳೆಯ ಸಂಸ್ಥೆ ನಮಗೆ ಸಾಲು ನಿಲ್ಲುವುದನ್ನು ಕಲಿಸಿತ್ತು, ನಿಜ. ಸಾಲಿನ ಕೊನೆಯಲ್ಲಿ ಯಾರಿದ್ದಾರೆಂದು ತಿರುಗಿ ನೋಡುವುದನ್ನು ಮಾತ್ರ ಕಲಿಸಿರಲಿಲ್ಲ. ಇಷ್ಟು ಬರೆ, ಮಿಕ್ಕದ್ದಕ್ಕೆ ನಿಮ್ಮ ಮೇಷ್ಟ್ರಿದ್ದಾರೆ.

ಅಜ್ಜಿ ನಿನ್ನ ತಲೆ ಸವರಿದ್ದಾಳೆ ಎಂದುಕೋ. ಚೆನ್ನಾಗಿ ಓದು, ಚೆನ್ನಾಗಿರು.

ನಿನ್ನ ತಾತ,
ಜಗನ್ನಾಥ

ತಾ.ಕ.: ಸೋಮವಾರ ಬೆಳಿಗ್ಗೆ, ಅಂಚೆ ಡಬ್ಬಿಗೆ ಹಾಕುವ ಮುನ್ನ ಅವಸರದಲ್ಲಿ. ಇವತ್ತು ಚಿಕ್ಕಗಂಗಮ್ಮನ ಬಿಂದಿಗೆ ಎಲ್ಲಕ್ಕಿಂತ ಮುಂದೆ. ನೀರೇ ಬರಲಿಲ್ಲ. ಬದಲಾಯಿಸಿದ್ದಕ್ಕೇ ಹೀಗಾಯಿತೆಂದು ಉಗ್ರಪ್ಪ ಗೊಣಗುತ್ತಿದ್ದಾನೆ. ಆದರೆ ಯಾರೂ ಬಿಂದಿಗೆ ಎತ್ತಿಕೊಂಡು ಹೋಗಿಲ್ಲ. ಉಗ್ರಪ್ಪನದೂ ಅವಳದರ ಹಿಂದೆಯೇ ಇದೆ.