ನಾಯಿಶಾಲೆಯ ಪಕ್ಕದ ಮದ್ಯದಂಗಡಿ

ಮದ್ಯದಂಗಡಿಗಳಿಗೆ ಪರವಾನಗಿ ಕೊಡುವ, ಮನಸ್ಸು ಬಂದಾಗ ಕಿತ್ತುಕೊಳ್ಳುವ ಮಾನ್ಯ ಅಧಿಕಾರಿಗಳೇ,

ನಮ್ಮ ಪಕ್ಕದ ಬೀದಿಯ ಮದ್ಯದಂಗಡಿಯನ್ನು ತಿಂಗಳ ಕೊನೆಯೊಳಗೆ ಮುಚ್ಚಬೇಕೆಂದು ತಾವು ನೋಟಿಸು ಅಂಟಿಸಿದ್ದೀರಿ. ಪಕ್ಕದಲ್ಲೇ ಶಾಲೆ ಇದೆಯಂತೆ. ಇದೆ, ಒಪ್ಪಿದೆ. ಆದರೆ ಆ ಶಾಲೆಯ ಹನ್ನೊಂದು ವಿದ್ಯಾರ್ಥಿಗಳಿಗೂ ಬಾಲವಿದೆ. ತಮ್ಮ ಇನ್‌ಸ್ಪೆಕ್ಟರು ಜೀಪಿನಿಂದ ಕೆಳಗಿಳಿದಿದ್ದರೆ ಇದನ್ನು ಖಂಡಿತ ಗಮನಿಸುತ್ತಿದ್ದರು. ಅದು ನಾಯಿಗಳಿಗೆ ಶಿಸ್ತು ಕಲಿಸುವ ಶಾಲೆ, ಮಾನ್ಯರೇ! ಫಲಕದ ಮೇಲಿನ ನಾಯಿಯ ಚಿತ್ರವನ್ನು ಮರದ ಕೊಂಬೆ ಮುಚ್ಚಿದೆ. ‘ಶಾಲೆ’ ಎಂಬ ಪದವಷ್ಟೇ ರಸ್ತೆಗೆ ಕಾಣುತ್ತದೆ. ನಾನು ಮೂವತ್ತೆರಡು ವರ್ಷ ಪತ್ರಿಕೆಯೊಂದರಲ್ಲಿ ಕರಡು ತಿದ್ದಿದವಳು. ತಮ್ಮ ನೋಟಿಸಿನಲ್ಲಿ ಹದಿನಾರು ಕಾಗುಣಿತದ ತಪ್ಪುಗಳಿವೆ. ಇಡೀ ನೋಟಿಸಿನಲ್ಲಿ ಅಚ್ಚುಕಟ್ಟಾಗಿ ಬರೆದಿರುವ ಪದ ‘ಶಾಲೆ’. ಅರ್ಥದಲ್ಲಿ ತಪ್ಪಾಗಿರುವುದೂ ಅದೇ.

ಅರವತ್ನಾಲ್ಕು ವರ್ಷದ ಹೆಂಗಸಿಗೆ ಮದ್ಯದಂಗಡಿಯ ಉಸಾಬರಿ ಏಕೆ ಎಂದು ತಾವು ಕೇಳಬಹುದು. ದಯವಿಟ್ಟು ಕೇಳಿ. ಮೂರು ತಿಂಗಳಿಂದ ಇದನ್ನು ಯಾರಿಗಾದರೂ ಹೇಳಲು ಬಾಯಿ ತುರಿಸುತ್ತಿದೆ.

ನಮ್ಮಕ್ಕ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದವಳು. ಎಪ್ಪತ್ತು ತುಂಬುವ ವಾರ ಇದ್ದಕ್ಕಿದ್ದಂತೆ ಹೇಳಿದಳು: “ಜೀವಮಾನವಿಡೀ ಸ್ಪಿರಿಟ್ಟಿನ ವಾಸನೆ ಕುಡಿದಿದ್ದೀನಿ ಕಣೇ. ಒಂದ್ಸಲ ಒಳ್ಳೆ ವೈನ್ ಕುಡೀಬೇಕು.” ತನಗಾಗಿ ಅವಳು ಏನನ್ನಾದರೂ ಬಯಸಿದ್ದು ನನಗೆ ನೆನಪಿರುವ ಮಟ್ಟಿಗೆ ಅದೇ ಮೊದಲು. ಇಬ್ಬರೂ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟೆವು.

ಮೊದಲು ಹೋದದ್ದು ದೊಡ್ಡ ರಸ್ತೆಯ ಅಂಗಡಿಗೆ. ತಮ್ಮ ಇಲಾಖೆಯ ಸಕಲ ಮುದ್ರೆಗಳಿರುವ, ಯಾವ ನೋಟಿಸೂ ಬಾರದ ಅಂಗಡಿ ಅದು. ಮುಂದೆ ಕಬ್ಬಿಣದ ಜಾಲರಿ, ಅದರಲ್ಲಿ ಮೊಣಕೈವರೆಗೆ ತೂರುವಷ್ಟು ಕಿಂಡಿ. ಒಳಗಿದ್ದವನು ನಮ್ಮಿಬ್ಬರನ್ನು ನೋಡಿ, “ಯಜಮಾನ್ರು ಬರ್ಲಿಲ್ವಾ?” ಎಂದ. ಅಕ್ಕ, “ಅವ್ರು ತೀರ್ಕೊಂಡು ಒಂಬತ್ತು ವರ್ಷ ಆಯ್ತಪ್ಪಾ, ಕರ್ಕೊಂಡು ಬರೋದು ಕಷ್ಟ” ಎಂದಳು. ಅವನು ತೆಪ್ಪಗೆ ಒಂದು ಬಾಟಲಿಯನ್ನು ಹಳೇ ಪತ್ರಿಕೆಯಲ್ಲಿ ಸುತ್ತಿ, ಕದ್ದ ಮಾಲಿನಂತೆ ಕಿಂಡಿಯಿಂದ ತಳ್ಳಿದ. ಮನೆಗೆ ಬಂದು ಒಂದು ಗುಟುಕು ಕುಡಿದ ಅಕ್ಕ, “ನಮ್ಮ ವಾರ್ಡಿನ ಕೆಮ್ಮಿನ ಸಿರಪ್ಪೇ ಇದಕ್ಕಿಂತ ವಾಸಿ” ಎಂದು ಬಾಯಿ ಮುಕ್ಕಳಿಸಿದಳು.

ಮರುದಿನ ಗಾಜಿನ ಬಾಗಿಲಿನ, ತಣ್ಣನೆಯ, ಭಾರಿ ಅಂಗಡಿ. ಅಲ್ಲಿನ ಹುಡುಗಿ ಬಾಟಲಿಯೊಂದನ್ನು ಕೂಸಿನಂತೆ ಎತ್ತಿಹಿಡಿದು, “ಇದ್ರಲ್ಲಿ ಚರ್ಮದ ಘಮ ಇದೆ ಮೇಡಂ, ಸ್ವಲ್ಪ ಹೊಗೆಸೊಪ್ಪಿಂದೂ ಬರುತ್ತೆ” ಎಂದಳು. ಅಕ್ಕ ನನ್ನ ಕಿವಿಯಲ್ಲಿ, “ಚಪ್ಪಲಿ ಅಂಗಡಿಗೆ ಬಂದ್ವೇನೇ?” ಎಂದದ್ದೇ ತಡ, ನಗು ತಡೆಯಲಾರದೆ ಇಬ್ಬರೂ ಹೊರಗೆ ಓಡಿದೆವು. ಓಡಿದೆವು ಎಂದರೆ, ನಮ್ಮ ಮೊಣಕಾಲುಗಳು ಒಪ್ಪಿದಷ್ಟು.

ಮನೆಗೆ ಮರಳುವ ದಾರಿಯಲ್ಲಿ ಪಕ್ಕದ ಬೀದಿಯ, ತಾವು ಈಗ ನೋಟಿಸು ಅಂಟಿಸಿರುವ ಆ ಪುಟ್ಟ ಅಂಗಡಿ ಕಂಡಿತು. ಜಾಲರಿಯಿಲ್ಲ. ಒಳಗೊಂದು ಕುರ್ಚಿ! ಮದ್ಯದಂಗಡಿಯಲ್ಲಿ ಗಿರಾಕಿ ಕೂರುವುದಕ್ಕೆ ಕುರ್ಚಿ! ಅಂಗಡಿಯಾತ ಮೊದಲು ಔಷಧದಂಗಡಿಯಲ್ಲಿದ್ದವನು. ಒಂದೊಂದು ಬಾಟಲಿಗೂ ಚೀಟಿ ಬರೆದು ಅಂಟಿಸಿದ್ದಾನೆ. ನಮ್ಮನ್ನು ಕೂರಿಸಿ, “ನಿಮಗೇನಿಷ್ಟ, ಅಮ್ಮಾ?” ಎಂದು ಅಕ್ಕನನ್ನು ಕೇಳಿದ. ಅಕ್ಕ ತಬ್ಬಿಬ್ಬಾದಳು. ಸಾವಿರಾರು ತಾಯಂದಿರಿಗೆ ಈ ಪ್ರಶ್ನೆ ಕೇಳಿದವಳಿಗೆ ಉತ್ತರ ಹೊಳೆಯಲಿಲ್ಲ. ಆತ ಅವಸರಪಡಿಸದೆ ಗಾಜು ಒರೆಸುತ್ತ ನಿಂತ. ಎಷ್ಟೋ ಹೊತ್ತಿನ ಮೇಲೆ ಅವಳೆಂದಳು: “ಕಿತ್ತಳೆ ಸಿಪ್ಪೆ ಹಿಸುಕಿದಾಗ ಬರುತ್ತಲ್ಲಾ, ಆ ವಾಸನೆ ಇಷ್ಟ.” ಆತನ ಮುಖ ಅರಳಿತು. ಅಂಥ ಘಮದ್ದೇ ಒಂದು ಬಾಟಲಿಯನ್ನು ಆರಿಸಿ, ಎರಡು ದಿನ ತಣ್ಣಗಿಟ್ಟು, ಹುಟ್ಟುಹಬ್ಬದ ಮಧ್ಯಾಹ್ನ ತಾನೇ ಮನೆಗೆ ತಂದುಕೊಟ್ಟ. ಅಂದು ನಾವು ಒಂದೊಂದೇ ಲೋಟ ಕುಡಿದದ್ದು. ಅಕ್ಕ ಮೂಗನ್ನು ಲೋಟದೊಳಗೇ ಇಟ್ಟುಕೊಂಡು, “ಲೇ, ಕಿತ್ತಳೆ ಕಣೇ!” ಎಂದು ಹೇಳಿದ್ದನ್ನೇ ಹೇಳುತ್ತಿದ್ದಳು. ಅಂದಿನಿಂದ ಪ್ರತಿ ಶನಿವಾರ ನಾಲ್ಕು ಗಂಟೆಗೆ ಆ ಕುರ್ಚಿಯ ಮೇಲೆ ಅವಳ ಸವಾರಿ.

ಆತ ಸಿಕ್ಕಸಿಕ್ಕವರಿಗೆ ಮಾರುವವನಲ್ಲ. ಕಳೆದ ತಿಂಗಳು ಒಬ್ಬರು ತೂರಾಡುತ್ತ ಬಂದಾಗ ಕೂರಿಸಿ, ನೀರು ಕೊಟ್ಟು, ಅವರ ಮನೆಗೆ ಫೋನು ಮಾಡಿದ. “ಇವತ್ತಿಗೆ ಸಾಕು ಅಣ್ಣಾ. ನಾಳೆ ಬನ್ನಿ, ಅಂಗಡಿ ಎಲ್ಲೂ ಓಡಿಹೋಗಲ್ಲ” ಎಂದ. ಆ ಮಾತನ್ನು ಸುಳ್ಳು ಮಾಡುವ ಘನಕಾರ್ಯವನ್ನು ತಮ್ಮ ಕಚೇರಿ ವಹಿಸಿಕೊಂಡಿದೆ.

ನಾನು ತಮ್ಮ ಕಚೇರಿಗೂ ಬಂದಿದ್ದೆ. ತಾವು ಮೀಟಿಂಗಿನಲ್ಲಿದ್ದಿರಿ. ಗುಮಾಸ್ತರು ಸಿಕ್ಕರು.

“ಬೋರ್ಡಲ್ಲಿ ಶಾಲೆ ಅಂತಿದೆಯೋ ಇಲ್ವೋ?”

“ಇದೆ. ಆದ್ರೆ ಅದು ನಾಯಿಗಳದ್ದು, ಸ್ವಾಮಿ.”

“ನಾಯಿಗಳು ಅಲ್ಲಿ ಏನ್ಮಾಡ್ತವೆ?”

“ಕಲೀತವೆ.”

“ಮತ್ತೆ? ಶಾಲೆನೇ ಆಯ್ತಲ್ಲ ಮೇಡಂ!”

ಈ ತರ್ಕಕ್ಕೆ ಏನೆನ್ನಲಿ? ನಾಯಿಗಳ ಮೇಷ್ಟ್ರು ಪಾಪ, ‘ಶಾಲೆ’ಗೆ ಬಣ್ಣ ಬಳಿದು ‘ಕೇಂದ್ರ’ ಎಂದು ಬರೆಸುತ್ತೇನೆಂದರು. ಹೆಸರು ಬದಲಾವಣೆಗೆ ಆರು ತಿಂಗಳು ಬೇಕಂತೆ. ಅಲ್ಲಿಯವರೆಗೆ ಶಾಲೆಯು ಶಾಲೆಯೇ. ಯಾರ ಶೀಲ ಕೆಡುತ್ತದೆಂದು ತಮಗೆ ಆತಂಕ? ಆ ವಿದ್ಯಾರ್ಥಿಗಳು ನಿತ್ಯ ಅಂಗಡಿಯ ಮುಂದೆ ಹಾಯುತ್ತಾರೆ, ನಿಜ. ಅವರ ಆಸಕ್ತಿಯೆಲ್ಲ ಎದುರಿನ ದೀಪದ ಕಂಬದ ಮೇಲೆ.

ನಿನ್ನೆ ಹೋದಾಗ ಅಂಗಡಿಯಾತ ಬಾಟಲಿಗಳನ್ನಿಳಿಸಿ ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ. ಎರಡು ಕಪಾಟು ಖಾಲಿಯಾಗಿದ್ದವು. ಅಕ್ಕ ಸೆರಗು ಸಿಕ್ಕಿಸಿ, ಪೆಟ್ಟಿಗೆಯಿಂದ ಒಂದೊಂದೇ ಬಾಟಲಿ ತೆಗೆದು, ಚೀಟಿ ಓದಿ, ಅದರದರ ಜಾಗದಲ್ಲಿ ಇಡತೊಡಗಿದಳು.

“ಏನ್ಮಾಡ್ತಿದ್ದೀರಿ ಅಮ್ಮಾ?” ಎಂದ ಆತ.

“ದೊಡ್ಡ ಡಾಕ್ಟರು ಇನ್ನೂ ರೌಂಡ್ಸಿಗೆ ಬಂದಿಲ್ಲ. ಅಲ್ಲೀತನಕ ಯಾರೂ ವಾರ್ಡ್ ಬಿಡೋ ಹಾಗಿಲ್ಲ.”

ಆದ್ದರಿಂದ ಮಾನ್ಯರೇ, ನೋಟಿಸನ್ನು ಹಿಂತೆಗೆದುಕೊಳ್ಳಿ. ಅದಕ್ಕೂ ಮೊದಲು ಖುದ್ದಾಗಿ ಬನ್ನಿ, ಜೀಪಿನಿಂದ ಇಳಿಯಿರಿ. ಕಾಯುತ್ತಿರುವವಳು ನಲವತ್ತು ವರ್ಷ ಡಾಕ್ಟರುಗಳನ್ನೇ ಗದರಿಸಿದವಳು ಎಂಬುದಷ್ಟೇ ತಮ್ಮ ಗಮನದಲ್ಲಿರಲಿ.

ಇಂತಿ,
ತಿಂಗಳ ಕೊನೆಯವರೆಗೆ ಮಾತ್ರ ತಮ್ಮ ವಿಧೇಯಳಾಗಿರಲು ಸಾಧ್ಯವಿರುವ,
ಆ ನರ್ಸಮ್ಮನ ತಂಗಿ