ಕಿಟಕಿಯ ಬೆಳಕಿಗೆ ಹಿಡಿದ ಎರಡು ರೂಪಾಯಿ

ಗೆಳೆಯ ಬಷೀರಾ,

ಕೇಳಿಸಿಕೋ! ಕಂಪನಿ ನಾಟಕಗಳಲ್ಲಿ ರಾಜನ ಪಾತ್ರ ಕಟ್ಟಿ ಕೊನೆಯ ಸಾಲಿನವರೆಗೂ ಗುಡುಗುತ್ತಿದ್ದ ನಿನ್ನ ಈ ದೊರೆ, ಇಳಿವಯಸ್ಸಿನಲ್ಲಿ ಹಳೆಯ ನೋಟು ಕೂಡಿಡಲು ಹೊರಟಿದ್ದಾನೆ. ನಗಬೇಡ ಮಾರಾಯ.

ಹರಿಹರದ ನಿನ್ನ ಪಡಸಾಲೆಯಲ್ಲಿ ಹಳೆಯ ನೋಟುಗಳ ಆಲ್ಬಮ್ ಬಿಚ್ಚಿದಾಗಲೆಲ್ಲ ನನ್ನನ್ನು ಬಾಗಿಲಲ್ಲೇ ತಡೆಯುತ್ತಿದ್ದೆ. "ಅಲ್ಲೇ ನಿಂದ್ರಲೇ ದೊರೆ! ಕಾಗದ ಐತೆ ಇದು, ಕತ್ತಿ ಅಲ್ಲ!" ನೆನಪಿದೆಯಾ? ಎರಡು ರೂಪಾಯಿ ನೋಟನ್ನು ಹಾಗೆ ಕಾದವರು ಬೇರೆ ಯಾರಿದ್ದರು...

ಕಳೆದ ಭಾನುವಾರ ನಿನ್ನ ಮಗಳು ನಸೀಮಾ ಫೋನ್ ಮಾಡಿದಳು. ನೀನು ಬಿಟ್ಟುಹೋದ ಆಲ್ಬಮ್ ಕೊಳ್ಳಲು ಪಿ.ಜೆ. ಬಡಾವಣೆಯ ಹಳೇ ನೋಟಿನ ವ್ಯಾಪಾರಿಯೊಬ್ಬ ಸಂಜೆ ಬರುತ್ತಾನಂತೆ. ಕೇಳಿದ್ದೇ ತಡ, ಆನೆಕೊಂಡದ ಮನೆಯಿಂದ ಓಡಿ ಹರಿಹರದ ಬಸ್ಸು ಹಿಡಿದೆ.

"ಮಾರಬ್ಯಾಡವ್ವಾ!" ಹೊಸ್ತಿಲಲ್ಲೇ ಅಬ್ಬರಿಸಿದೆ.

"ಮತ್ತೇನ್ ಮಾಡ್ಲಿ ಚಾಚಾ? ಇದರ ತಲೆಬುಡ ನನಗ ಗೊತ್ತಿಲ್ಲ. ಯಾರು ನೋಡ್ಕೊಳ್ತಾರ?"

"ನಾನು!"

ಅಷ್ಟು ಜೋರಾಗಿ ಹೇಳಿದವನು ಮಾಡಿದ್ದೇನು ಗೊತ್ತೇ? ಹೆಬ್ಬೆರಳಿಗೆ ಉಗುಳು ಹಚ್ಚಿ ಆಲ್ಬಮ್‌ಗೆ ಕೈ ಹಾಕಿದೆ. "ಚಾಚಾ! ಅಬ್ಬಾ ಇದ್ದಿದ್ರೆ ಬೆರಳು ಮುರೀತಿದ್ರು. ಕೈ ತೊಳ್ಕೊಂಡು ಬರ್ರಿ!" ತೊಳೆದು ನೀರು ತೊಟ್ಟಿಕ್ಕಿಸುತ್ತ ಬಂದೆ. "ಒರೆಸ್ಕೊಳ್ರೀ!" ಕೊನೆಗೆ ಅವಳೇ ಆ ಎರಡು ರೂಪಾಯಿಯನ್ನು ಹೊರತೆಗೆದಳು, ಎರಡೂ ಅಂಚು ಹಿಡಿದು, ಥೇಟ್ ನಿನ್ನ ಹಾಗೆ.

"ಗೊತ್ತಿಲ್ಲ ಅಂದಿ. ಹಿಂಗ ಹಿಡಿಯೋದು ಹೆಂಗೆ ಬಂತವ್ವಾ?" ಎಂದೆ.

ಅವಳು ನೋಟನ್ನು ಕಿಟಕಿಯ ಬೆಳಕಿಗೆ ಎತ್ತಿದಳು. ಏನೂ ಇಲ್ಲದ ಬಿಳಿ ಜಾಗದಲ್ಲಿ, ಕಾಗದದ ಒಳಗಿನಿಂದಲೇ ಬ್ರಿಟಿಷ್ ರಾಜನ ತಲೆ ಮೂಡಿ ಬಂತು! ಪರದೆ ಏಳದೆ, ಹಾಡಿಲ್ಲದೆ ರಾಜನ ಪ್ರವೇಶ! "ಬಹುಪರಾಕ್!" ಎಂದು ಕೂಗಿಯೇ ಬಿಟ್ಟೆ. ನೀನು ಹೋದ ಮೇಲೆ ನಸೀಮಾ ಬಾಯ್ತುಂಬ ನಕ್ಕಿದ್ದು ಅದೇ ಮೊದಲು ಬಷೀರಾ. ಇದನ್ನು ನೀನು ನನಗೆ ಒಮ್ಮೆಯಾದರೂ ತೋರಿಸಬಾರದಿತ್ತೇ?

ಸಂಜೆ ಬಂದ ವ್ಯಾಪಾರಿಗೆ ಅವಳು ಹೇಳಿದ್ದು ಒಂದೇ ಮಾತು: "ಮಾರಂಗಿಲ್ಲ." ಆಮೇಲೆ ಅವನ ಚೀಲದೊಳಗೆ ಇಣುಕಿದಳು. ನಿನ್ನ ಆಲ್ಬಮ್‌ನಲ್ಲಿ ಇಲ್ಲದ ಹಳೆಯ ಒಂದು ರೂಪಾಯಿ ನೋಟೊಂದು ಅಲ್ಲಿತ್ತು. "ನಡುವೆ ಮಡಿಕೆ ಐತೆ, ಮೂಲೆ ಹರಿದೈತೆ, ಇದಕ್ಕ ಈ ರೇಟಾ ಭಾಯ್?" ಎಂದು ಚೌಕಾಸಿಗೆ ನಿಂತಳು ನೋಡು... ಆ ವಿದ್ಯೆ ನಿನಗೆ ಎಂದೂ ಒಲಿಯಲಿಲ್ಲ. ಕೊಳ್ಳಲು ಬಂದವನು ಮಾರಿ ಹೋದ.

ನನ್ನ ಸಂಗ್ರಹದ ಮೊದಲ ನೋಟೆಂದು ದುಡ್ಡು ಕೊಟ್ಟವನು ನಾನು. ಅವಳೋ ಅದನ್ನು ಸೀದಾ ನಿನ್ನ ಆಲ್ಬಮ್‌ಗೆ ಸೇರಿಸಿ ಮುಚ್ಚಿಬಿಟ್ಟಳು.

"ಮುಂದಿಂದು ನಿಮಗ, ಚಾಚಾ."

ಈ ಭಾನುವಾರ ಇಬ್ಬರೂ ಹುಡುಕಲು ಹೊರಟಿದ್ದೇವೆ.