ಗರಗದ ಅಂಗಳದಲ್ಲಿ ನಮ್ಮ ಟೆಂಟು

ಮಾಳಮಡ್ಡಿ, ಧಾರವಾಡ
೧೯ ಜನವರಿ ೨೦೨೫, ಭಾನುವಾರ

ನನ್ನ ಅಲ್ಫಿ,

ಕಾಗದ ನೋಡಿ ಗಾಬರಿಯಾಗಬೇಡ, ಎಲ್ಲರೂ ಕ್ಷೇಮ. ಫೋನಿನಲ್ಲಿ ಹೇಳಲು ಹೋದರೆ ನೀನು ನಡುವೆ ನಕ್ಕು, ಚಹಾ ಕುದಿಯುತ್ತಿದೆ ಅಂತ ಇಟ್ಟುಬಿಡುತ್ತೀಯ. ಕಾಗದಕ್ಕಾದರೆ ನೀನು ಹಾಗೆ ಮಾಡಲಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ಶನಿವಾರ ನಾನು ಮತ್ತು ನೀಲಾ ನೀನಿಲ್ಲದೆ ಹೊರಟದ್ದು ನಿನಗೆ ಗೊತ್ತೇ ಇದೆ. ಮದುವೆಗಳ ಹೊಲಿಗೆ ರಾಶಿ ಬಿದ್ದಿದೆ, ಈ ವರ್ಷ ಬಿಟ್ಟುಬಿಡಿ ಅಂದಿದ್ದೆಯಲ್ಲ. ಕಾಲೇಜು ಮುಗಿದಾಗಿನಿಂದ ವರ್ಷಕ್ಕೊಮ್ಮೆ ಟೆಂಟ್ ಹಾಕಲು ಮೂವರೂ ಕೂಡಿಯೇ ಹೋದವರು. ನೀಲಾಳ ಸ್ಕೂಟರಿನ ಹಿಂದೆ ನಾನೊಬ್ಬಳೇ ಟೆಂಟಿನ ಗಂಟು ಹಿಡಿದು ಕೂತಾಗ, ಏನೋ ಮನೆಯಲ್ಲಿ ಮರೆತು ಬಂದ ಹಾಗೆ ಅನಿಸುತ್ತಿತ್ತು.

ಹಳಿಯಾಳ ರಸ್ತೆಯ ಕೆರೆದಂಡೆಯ ನಮ್ಮ ಜಾಗ ಈಗ ನೀನು ನೋಡಿದರೆ ಗುರುತು ಹಿಡಿಯುವುದಿಲ್ಲ. ಹಿಂದೆ ಅಲ್ಲಿ ಏನಿತ್ತು ಹೇಳು. ಒಂದು ನಲ್ಲಿ, ಒಂದು ಶೌಚಾಲಯ, ಹೊಂಗೆ ಮರದ ನೆರಳು. ಟೆಂಟಿಗೆ ಇನ್ನೂರು ರೂಪಾಯಿ ಇದ್ದ ಬಾಡಿಗೆ ವರ್ಷ ವರ್ಷ ಏರುತ್ತಿತ್ತು ನಿಜ, ಅದನ್ನು ಕೊಟ್ಟು ಒಲೆ ಹೂಡಿ ಅನ್ನ ಮಾಡಿಕೊಂಡರೆ ಮುಗಿಯಿತು. ಈಗ ಕಮಾನು ಕಟ್ಟಿದ್ದಾರೆ, ಮರಮರಕ್ಕೂ ಬಣ್ಣದ ದೀಪದ ಸರ. ಒಳಗೆ ಮಂಚ ಹಾಕಿದ ಬಿಳಿಯ ದೊಡ್ಡ ಟೆಂಟುಗಳು ಸಾಲಾಗಿ ನಿಂತಿವೆ. ಬಾಗಿಲಲ್ಲಿದ್ದ ಮನುಷ್ಯ ನಮ್ಮ ಗಂಟು ನೋಡಿದವನೇ ತಲೆ ಅಲ್ಲಾಡಿಸಿದ.

"ಸ್ವಂತ ಟೆಂಟ್ ಈಗ ಬಿಡೂದಿಲ್ರಿ. ನಮ್ಮ ಟೆಂಟಿನ್ಯಾಗ ಇರ್ರಿ. ಊಟ, ನಾಷ್ಟಾ ಎಲ್ಲಾ ಸೇರಿ ಒಬ್ಬರಿಗೆ ಎರಡೂವರಿ ಸಾವಿರ."

ನೀಲಾ ನಮ್ಮ ಅಡುಗೆ ನಾವೇ ಮಾಡಿಕೊಳ್ಳುತ್ತೇವೆ, ಮೂಲೆಯಲ್ಲಿ ಒಂದಿಷ್ಟು ನೆಲ ಸಾಕು ಅಂದಳು. ಪಾಪ, ಅವನು ಒರಟು ಮನುಷ್ಯನಲ್ಲ. "ನಾ ಮಾಲಕ ಅಲ್ರಿ ಅಕ್ಕಾರ. ಈ ಜಾಗಾದ ಲೀಜ್ ಎಲ್ಲಿಗೋ ಏರೇತಿ, ಮಾಲಕರು ಅದನ್ನ ನಿಮ್ಮ ಮ್ಯಾಲ ಹಾಕ್ಯಾರ. ದಿನಾ ನಿಮ್ಮಂಥವರನ್ನ ತಿರುಗಿಸಿ ಕಳಸೂದ ನನ್ನ ಕೆಲಸ ಆಗೇತಿ" ಅಂದ. ನಮ್ಮ ಹಿಂದೆಯೇ ಸೈಕಲ್ಲಿನ ಮೇಲೆ ಬಂದ ಗಂಡ ಹೆಂಡತಿ ಅವನ ಮಾತು ಕೇಳಿ ಸೈಕಲ್ ತಿರುಗಿಸಿದರು. ಇಬ್ಬರೂ ಬೆವರಿನಲ್ಲಿ ತೊಯ್ದಿದ್ದರು.

ನೀಲಾ ಪರ್ಸ್ ತೆಗೆದಳು. "ಇರ್ಲಿ ಬಿಡ ಧನೂ, ಇಬ್ಬರದೂ ನಾ ಕೊಡ್ತೀನಿ" ಅಂದಳು. ನಾನು ಬೇಡ ಅಂದೆ. ಅವಳು ಮತ್ತೆ ಅಂದಳು. ನಾನು ಹಟ ಹಿಡಿದೆ. ಆಗ ಅವಳ ಮುಖ ಸಣ್ಣದಾಯಿತು.

"ಅಲ್ಫಿ ಹೊಲಿಗಿ ಅದ ಅಂತ ಬರಲಿಲ್ಲ. ನೀ ಬಂದೂ ಬರಲಾರದಂಗ ಮಾಡ್ಲಿಕ್ಕೆ ಹತ್ತಿ. ನನ್ನ ಜೋಡಿ ಬರೂದು ನಿಮಗಿಬ್ಬರಿಗೂ ಬ್ಯಾಸರ ಆಗಿದ್ರ ಹೇಳಿಬಿಡ್ರಿ. ನಾ ಇನ್ನ ಕರಿಯೂದಿಲ್ಲ."

ಅವಳ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು, ಅಲ್ಫಿ. ಸ್ಕೂಟರ್ ಹತ್ತಿದೆವು. ಧಾರವಾಡದ ತನಕ ಬಂದೆವು. ಹೀಗೇ ಮನೆಗೆ ಹೋಗಿ ಅವರವರ ಬಾಗಿಲು ಹಾಕಿಕೊಂಡರೆ ನಮ್ಮ ಇಷ್ಟು ವರ್ಷಗಳ ತಿರುಗಾಟ ಇಲ್ಲಿಗೇ ಮುಗಿಯಿತು ಅಂತ ನನಗೆ ನಿಜವಾಗಿ ಭಯವಾಯಿತು. ಅದೇ ಭಯದಲ್ಲಿ ಬಾಯಿಗೆ ಬಂದದ್ದು ಗರಗ ಊರಿನ ಹೆಸರು. ಒಮ್ಮೆ ನಿನ್ನ ಜೊತೆ ಖಾದಿ ಬಟ್ಟೆ ತರಲು ಹೋದಾಗ ನೂಲುವ ಸಾವಕ್ಕನ ಮನೆಯಲ್ಲಿ ಚಹಾ ಕುಡಿದಿದ್ದೆವಲ್ಲ, ಯಾವಾಗ ಬೇಕಾದರೂ ಬರ್ರಿ ಅಂದಿದ್ದಳಲ್ಲ. ಅವಳ ಅಂಗಳ ದೊಡ್ಡದು, ಕೇಳಿ ನೋಡೋಣ ಅಂದೆ. ನೀಲಾ ಸ್ಕೂಟರನ್ನು ಗರಗದ ಕಡೆ ತಿರುಗಿಸಿದಳು.

ನಾವು ಹೋದಾಗ ಸಾವಕ್ಕ ಕಟ್ಟೆಯ ಮೇಲೆ ಕೂತು ಹಸಿ ಕಡಲೆಯ ಸುಲಗಾಯಿ ಬಿಡಿಸುತ್ತಿದ್ದಳು. ಕಣ್ಣ ಮೇಲೆ ಕೈ ಅಡ್ಡ ಹಿಡಿದು ನೋಡಿದಳು. "ಅಲ್ಫಿಯಾನ ಗೆಳತ್ಯಾರಲ್ಲೇನು? ಬರ್ರಿ, ಬರ್ರಿ" ಅಂದಳು. ಟೆಂಟ್ ಹಾಕಿಕೊಳ್ಳಬಹುದೇ ಅಂತ ಕೇಳಿದ್ದಕ್ಕೆ ಅವಳಿಗೆ ನಗು ಬಂತು. "ಒಳಗ ಕ್ವಾಣಿ ಖಾಲಿ ಐತಿ, ನೀವು ಹೊರಗ ಮಲಗತೀವಿ ಅಂತೀರಿ. ನಿಮ್ಮ ಖುಷಿವಾ" ಅಂತ ಹುಣಸೆ ಮರದ ಕೆಳಗೆ ತಾನೇ ಕಸ ಹೊಡೆದು ಕೊಟ್ಟಳು. ಅಲ್ಲಿಯ ಎರೆಮಣ್ಣಿನಲ್ಲಿ ನಮ್ಮ ಗೂಟಗಳು ನಿಲ್ಲಲೊಲ್ಲವು. ಅವಳ ಗಂಡ ಮೈಲಾರಪ್ಪ ಕಾಕಾ ಸ್ವಲ್ಪ ಹೊತ್ತು ನೋಡಿ, ಒಂದು ಕಡೆಯ ಹಗ್ಗವನ್ನು ಚಕ್ಕಡಿಯ ಗಾಲಿಗೆ, ಇನ್ನೊಂದನ್ನು ಮರಕ್ಕೆ ಬಿಗಿದರು. ಟೆಂಟು ಎದೆಯುಬ್ಬಿಸಿ ನಿಂತಿತು. ನೀಲಾ ಆಗ ನಕ್ಕಳು, ಆ ದಿನ ಮೊದಲ ಸಲ.

ಸಂಜೆ ಬಿಸಿ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ ತಟ್ಟೆಗೆ ಹಾಕುತ್ತ ಸಾವಕ್ಕ ಕೇಳಿದಳು, ಅಲ್ಫಿಯಾ ಯಾಕ ಬರಲಿಲ್ಲ ಅಂತ. ಹೊಲಿಗೆ ಬಹಳ ಇದೆಯಂತೆ ಅಂದೆ.

ಸಾವಕ್ಕ ಬಡಿಯುತ್ತಿದ್ದ ರೊಟ್ಟಿ ಬಿಟ್ಟು ನನ್ನ ಮುಖ ನೋಡಿದಳು. "ಹೊಲಿಗಿ ಎಲ್ಲೈತವಾ? ಹುಬ್ಬಳ್ಳಿ ದುರ್ಗದಬೈಲ ಪ್ಯಾಟ್ಯಾಗ ತಯಾರಾದ ಬ್ಲೌಜ್ ಬಂದಾಗಿಂದ ಆಕಿ ಅಂಗಡಿಗೆ ಮಂದಿನ ಕಡಿಮಿ. ಹ್ವಾದ ವಾರ ಬಂದಿದ್ಲು. ಜಾಗಾ ಭಾಳ ತುಟ್ಟಿ ಆಗೇತಿ ಸಾವಕ್ಕಾ, ನಾ ಈ ಸಲ ಒಲ್ಲೆ ಅಂದೀನಿ ಅಂದ್ಲು." ಆಮೇಲೆ ನಾಲಗೆ ಕಚ್ಚಿಕೊಂಡು, "ನಿಮಗ ಹೇಳಿಲ್ಲೇನು? ಹಂಗಾದ್ರ ನಾ ಹೇಳಬಾರದಿತ್ತು" ಅಂದಳು.

ಅವಳ ಮೇಲೆ ಸಿಟ್ಟಾಗಬೇಡ, ಅಲ್ಫಿ. ಅವಳು ಹೇಳದಿದ್ದರೆ ನಾವು ಮೂವರೂ ಒಬ್ಬರಿಗೊಬ್ಬರು ಕೆಟ್ಟವರಾಗುತ್ತಿದ್ದೆವು. ನೀಲಾ ಕೈಯಲ್ಲಿನ ತುತ್ತು ತಟ್ಟೆಗೆ ಇಟ್ಟಳು.

ಮೈಲಾರಪ್ಪ ಕಾಕಾ ಗಂಟಲು ಸರಿ ಮಾಡಿಕೊಂಡು ಬೇರೆ ಮಾತು ತೆಗೆದರು. ಅದೂ ನಿನ್ನದೇ. ಮಳೆಗಾಲದಲ್ಲಿ ಅವರಿಗೆ ಹುಬ್ಬಳ್ಳಿಯಲ್ಲಿ ಹೊಟ್ಟೆಯ ಆಪರೇಷನ್ ಆದಾಗ, ಓದು ಬಾರದ ಸಾವಕ್ಕ ಆ ದೊಡ್ಡ ಆಸ್ಪತ್ರೆಯಲ್ಲಿ ದಿಕ್ಕು ತೋಚದೆ ನಿಂತಿದ್ದಳಂತೆ. ನೀನು ದಿನಾ ಅಂಗಡಿ ಮುಚ್ಚಿ ಕಮರಿಪೇಟೆಯ ನಿನ್ನ ಮನೆಯಿಂದ ಊಟದ ಡಬ್ಬಿ ಕಟ್ಟಿಸಿಕೊಂಡು ಹೋಗುತ್ತಿದ್ದೆಯಂತೆ, ಔಷಧಿಗೆ ಓಡಾಡುತ್ತಿದ್ದೆಯಂತೆ. "ಡಾಕ್ಟರ್ ನನಗ ಏನೂ ಹೇಳತಿದ್ದಿಲ್ಲ. ನಿಮ್ಮ ಮಗಳನ್ನ ಕರೀರಿ ಅಂತಿದ್ದ. ಆಕಿ ನನ್ನ ಮಗಳಲ್ಲ ಅಂತ ನಾ ಅನ್ನಲಿಲ್ಲ" ಅಂದರು ಕಾಕಾ.

ಇದೆಲ್ಲ ನಮಗೆ ಗೊತ್ತೇ ಇರಲಿಲ್ಲ. ಆ ದಿನಗಳಲ್ಲಿ ನಾವು ಫೋನ್ ಮಾಡಿದಾಗಲೆಲ್ಲ, ಸ್ವಲ್ಪ ಓಡಾಟ ಇದೆ ಅಂತಿದ್ದೆ. ನಾವು ಗಿರಾಕಿಗಳ ಓಡಾಟ ಅಂದುಕೊಂಡಿದ್ದೆವು. ಆ ಮನೆಯಲ್ಲಿ ನಮಗೆ ಸಿಕ್ಕ ರೊಟ್ಟಿ, ಸಾವಕ್ಕ ಪೆಟ್ಟಿಗೆಯಿಂದ ತೆಗೆದು ಹೊದಿಸಿದ ಕೌದಿ, ಎಲ್ಲವೂ ನಿನ್ನ ಹೆಸರಿನಿಂದ ಬಂದದ್ದು. ಕೆರೆದಂಡೆಯ ಮಂಚದ ಟೆಂಟಿನಲ್ಲಿ ಅಷ್ಟು ಬೆಚ್ಚಗೆ ಇರುತ್ತಿದ್ದೆನೋ ಇಲ್ಲವೋ.

ಬೆಳಗ್ಗೆ ಎದ್ದಾಗ ನೀಲಾ ಆಗಲೇ ಹೊಲದ ಬದುವಿನ ಮೇಲೆ ಕೂತಿದ್ದಳು. ಜೋಳದ ತೆನೆಗಳ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಹೋಗಿ ಪಕ್ಕ ಕೂತೆ.

"ಪ್ರತಿ ವರ್ಷ ಜಾಗಾ ನಾನ ಗೊತ್ತ ಮಾಡ್ತಿದ್ದೆ" ಅಂದಳು. "ವರ್ಷಾ ವರ್ಷಾ ರೇಟು ಏರತಿತ್ತು, ನಾ ಹೂಂ ಅಂತಿದ್ದೆ. ನಿಮ್ಮನ್ನ ಕೇಳಬೇಕು ಅಂತ ಹೊಳೀಲೇ ಇಲ್ಲ. ಅಲ್ಫಿಗೆ ನನ್ನ ಎದುರು ಆಗೂದಿಲ್ಲ ಅನ್ನಲಿಕ್ಕೆ ಆಗಲಿಲ್ಲ ಅಂದ್ರ, ತಪ್ಪು ಆಕಿದಲ್ಲ."

ಕಣ್ಣು ಒರೆಸಿಕೊಂಡಳು. ನಾನು ಅವಳ ಕೈ ಹಿಡಿದುಕೊಂಡೆ. ಅಷ್ಟೇ, ಜಗಳ ಮುಗಿಯಿತು.

ಹೊರಡುವಾಗ ನೀಲಾ ಸಾವಕ್ಕನಿಗೆ, ಇನ್ನು ಮೇಲೆ ನಾವು ಇಲ್ಲಿಗೇ ಬರುತ್ತೇವೆ, ಏನು ಕೊಡಬೇಕು ಹೇಳು ಅಂದಳು. ಸಾವಕ್ಕ ಬೇಡ ಅನ್ನುತ್ತಾಳೆ ಅಂತ ನಾನು ಎಣಿಸಿದ್ದೆ. ಅವಳು ಹಾಗನ್ನಲಿಲ್ಲ.

"ನೀರು, ಕಟಗಿ ಸುಮ್ನ ಬರಾಂಗಿಲ್ಲವಾ, ಒಂದೀಟು ಕೊಡ್ರಿ. ಮೂರೂ ಮಂದಿಗೆ ಭಾರ ಆಗಲಾರದಷ್ಟು ನೀವ ಮಾತಾಡ್ಕೊಂಡು ಹೇಳ್ರಿ. ನೀವು ಹೇಳಿದ ಆ ಸೈಕಲ್ಲಿನವರಂಥವ್ರು ಯಾರರ ಸಿಕ್ಕ್ರ ಅವರಿಗೂ ಜಾಗಾ ಐತಿ ಅನ್ರಿ. ಆದ್ರ ಆಕಿನ್ನ ಬಿಟ್ಟ ಬಂದ್ರ ಮಾತ್ರ ನಾ ಅಂಗಳ ಕೊಡಾಂಗಿಲ್ಲ."

ಹಾಗಾಗಿ ಅಲ್ಫಿ, ನೀನು ಬಾರದೆ ನಮಗೆ ಗತಿಯಿಲ್ಲ. ಫೆಬ್ರುವರಿಯ ಎರಡನೆಯ ಶನಿವಾರ ಅಂತ ಅಂದುಕೊಂಡಿದ್ದೇವೆ. ನಿನಗೆ ಆಗದಿದ್ದರೆ ಬೇರೆ ದಿನ ನೀನೇ ಹೇಳು, ಈ ಸಲ ನಿನ್ನ ಮಾತಿನಂತೆ. ನೀಲಾ ತಾನೇ ನಿನ್ನ ಅಂಗಡಿಗೆ ಬರುವವಳಿದ್ದಾಳೆ. ಬಂದಾಗ ಅವಳನ್ನು ಬಹಳ ಹೊತ್ತು ಮಾತಾಡಿಸಬೇಡ, ಅತ್ತುಬಿಡುತ್ತಾಳೆ. ಸುಮ್ಮನೆ ಒಂದು ಚಹಾ ತರಿಸು.

ಅಮ್ಮಿಗೆ ನನ್ನ ಸಲಾಮು ಹೇಳು. ನೀನು ನಮ್ಮ ಜೊತೆಗಿರುವುದಕ್ಕೆ, ಇಲ್ಲದಾಗಲೂ ನಮಗೊಂದು ಮನೆ ಮಾಡಿಟ್ಟಿದ್ದಕ್ಕೆ ನಾನು ಏನಂತ ಬರೆಯಲಿ. ಬಾ, ಅಷ್ಟೇ.

ನಿನ್ನವಳೇ ಆದ
ಧನಶ್ರೀ

ತಾ.ಕ.: ನೀಲಾಗೆ ಇನ್ನೂ ಹೇಳಿಲ್ಲ, ನಿನಗೇ ಮೊದಲು. ಹೋದ ಜೂನ್‌ನಿಂದ ನನಗೆ ಶಾಲೆಯ ಕೆಲಸವಿಲ್ಲ. ಈ ವರ್ಷಕ್ಕೆ ಬೇಡ ಅಂದರು. ಮನೆಯಲ್ಲಿ ನಾಲ್ಕು ಮಕ್ಕಳಿಗೆ ಪಾಠ ಹೇಳಿಕೊಂಡು ನಡೆದಿದೆ. ಕೆರೆದಂಡೆಯಲ್ಲಿ ನಾನು ಹಿಡಿದದ್ದು ಹಟವಲ್ಲ. ಈ ಸಲ ಬರುವುದಿಲ್ಲ ಅನ್ನಲು ನಾನೂ ಒಂದು ನೆಪ ಮಾಡಿಟ್ಟಿದ್ದೆ, ಪರೀಕ್ಷೆಯ ಪೇಪರು ತಿದ್ದುವುದಿದೆ ಅಂತ. ಅಷ್ಟರಲ್ಲಿ ನೀನು ಹೊಲಿಗೆ ಅಂದುಬಿಟ್ಟೆ. ಇಬ್ಬರೂ ಬಾರದಿದ್ದರೆ ನೀಲಾ ಒಬ್ಬಳೇ ಆಗುತ್ತಾಳಲ್ಲ ಅಂತ ಹೊರಟೆ. ಗರಗದಲ್ಲಿ ಅವಳಿಗೆ ಹೇಳಬೇಕೆಂದಿದ್ದೇನೆ. ಆಗ ನೀನು ನನ್ನ ಪಕ್ಕದಲ್ಲಿ ಕೂತಿರು.